ಹೆಸರೆತ್ತದೆ ಆಡುವ ಮಾತು

(ಚಿಕ್ಕಮಗಳೂರಿನಲ್ಲಿ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ. ಆಡುವಾಗ ಎಡವಿದ ಕಡೆ ತಿದ್ದಿದ್ದೇನೆ, ಗಡಿಬಿಡಿಯಲ್ಲಿ ಮರೆತದ್ದನ್ನು ಸೇರಿಸಿದ್ದೇನೆ.)

ಸಭೆಯಲ್ಲಿರುವ ಹಿರಿಯರಿಗೂ ಕಿರಿಯರಿಗೂ ನಮಸ್ಕಾರ.

ಈಗ ತಾನೆ ಸ್ವಾಗತ ಭಾಷಣದಲ್ಲಿ ವೇದಿಕೆಯ ಮೇಲಿರುವವರ ಹೆಸರುಗಳನ್ನೆಲ್ಲ ಅವರವರ ಹುದ್ದೆ, ಬಿರುದುಗಳೊಡನೆ ಕ್ರಮವಾಗಿ ಹೇಳಲಾಯಿತು. ಆದರೂ ಒಬ್ಬರ ಹೆಸರು ಬಿಟ್ಟುಹೋಗಿ, ಒಂದು ಚೀಟಿ ಕೈಯಿಂದ ಕೈಗೆ ದಾಟುತ್ತ ಮೈಕಿನವರೆಗೆ ಬಂದು, ಕ್ಷಮಾಪಣೆಯೊಡನೆ ಆ ಹೆಸರೂ ಸೇರಿದ್ದನ್ನು ತಾವೆಲ್ಲ ಕಂಡಿರಿ. ಮದುವೆಯ ಆಮಂತ್ರಣ ಪತ್ರಿಕೆಯಲ್ಲಿ ‘ಸುಖಾಗಮನ ಬಯಸುವವರು’ ಎಂಬ ಸಾಲಿನ ಕೆಳಗೆ ಒಬ್ಬ ಚಿಕ್ಕಪ್ಪನ ಹೆಸರು ಬಿಟ್ಟುಹೋದ ಕಾರಣಕ್ಕೆ ಎರಡು ಮನೆಗಳ ನಡುವೆ ಹತ್ತಾರು ವರ್ಷ ಊಟ-ಉಪಚಾರ ನಿಂತುಹೋದದ್ದನ್ನು ನಮ್ಮ ಕಡೆಯವರು ಯಾರೂ ಅತಿಶಯೋಕ್ತಿ ಎನ್ನಲಾರರು. ಹೆಸರನ್ನು ಬಿಟ್ಟರೆ ಇಷ್ಟೊಂದು ನೋಯುವ ಇದೇ ಜನ, ಮನೆಗೆ ಹೋದ ಮೇಲೆ, ಅಂಗಡಿ ಕಟ್ಟೆಯ ಮೇಲೆ ಕುಳಿತ ಮೇಲೆ, ಬಸ್ಸು ಹತ್ತಿದ ಮೇಲೆ, ಒಬ್ಬರ ಹೆಸರನ್ನೂ ಬಾಯಿ ಬಿಟ್ಟು ಹೇಳದೆ ಗಂಟೆಗಟ್ಟಲೆ ಮಾತಾಡಬಲ್ಲರು. ಈ ಎರಡನೆಯ ವಿದ್ಯೆಯ ಬಗ್ಗೆ ನಾನು ಇಂದು ಮಾತನಾಡಬೇಕಾಗಿದೆ.

ಈ ಮಾತನ್ನು ಆಡುವುದಕ್ಕೆ ಈ ಊರಿಗಿಂತ ತಕ್ಕ ಜಾಗವಿಲ್ಲ. ಸಖರಾಯಪಟ್ಟಣದ ರುಕ್ಮಾಂಗದನೆಂಬ ಅರಸು ತನ್ನ ಕಿರಿಯ ಮಗಳಿಗೆ ಬಳುವಳಿಯಾಗಿ ಕೊಟ್ಟ ಊರು ಚಿಕ್ಕಮಗಳೂರು, ಹಿರಿಯ ಮಗಳಿಗೆ ಕೊಟ್ಟದ್ದು ಪಕ್ಕದ ಹಿರೇಮಗಳೂರು ಎಂಬ ಐತಿಹ್ಯ ಇಲ್ಲಿನ ಮಕ್ಕಳಿಗೂ ಗೊತ್ತು. ಆ ಕತೆಯಲ್ಲಿ ಅಪ್ಪನಿಗೆ ಹೆಸರಿದೆ. ಎರಡು ಊರುಗಳನ್ನು ಪಡೆದ ಇಬ್ಬರು ಹೆಣ್ಣುಮಕ್ಕಳಿಗೆ ಹೆಸರಿಲ್ಲ. ‘ಹಿರಿ ಮಗಳು’, ‘ಚಿಕ್ಕ ಮಗಳು’ ಎಂದರೆ ಸಾಕಾಯಿತು. ಇದು ನಡೆದದ್ದೋ ಕಟ್ಟಿದ್ದೋ ಬೇರೆ ಮಾತು. ಆದರೆ ಒಬ್ಬರ ಹೆಸರನ್ನು ಹೇಳದೆಯೇ ಅವರನ್ನು ಇಡೀ ಊರಿನ ನೆನಪಿನಲ್ಲಿ ನಿಲ್ಲಿಸುವುದು ಸಾಧ್ಯ, ಹಾಗೆ ನಿಲ್ಲಿಸುವಾಗ ಅವರಿಂದ ಏನನ್ನೋ ಕಿತ್ತುಕೊಳ್ಳುವುದೂ ಸಾಧ್ಯ ಎಂಬ ಎರಡೂ ಸಂಗತಿಗಳು ಆ ಕತೆಯೊಳಗಿವೆ.

ನಾನು ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಶಾಲೆಗಳಲ್ಲಿ ಕನ್ನಡ ಕಲಿಸಿದವನು. ಜೂನ್ ತಿಂಗಳಲ್ಲಿ ದಾಖಲಾತಿ ಪುಸ್ತಕ ಮುಂದಿಟ್ಟುಕೊಂಡು ಕೂತಾಗ ಮಗುವನ್ನು ಕರೆತರುತ್ತಿದ್ದವರು ಬಹುಮಟ್ಟಿಗೆ ತಾಯಂದಿರು. ಮಗುವಿನ ಹೆಸರು, ಹುಟ್ಟಿದ ದಿನ, ಊರು ಎಲ್ಲವೂ ಸರಾಗವಾಗಿ ಸಾಗಿ, ‘ತಂದೆಯ ಹೆಸರು?’ ಎಂದಕೂಡಲೇ ಲೇಖನಿ ನಿಲ್ಲುತ್ತಿತ್ತು. ತಾಯಿ ಸೆರಗಿನ ಅಂಚನ್ನು ಬಾಯಿಗೆ ಅಡ್ಡ ಹಿಡಿದು, ಮಗುವಿನ ಭುಜ ತಿವಿದು, ‘ಹೇಳು ಮಗ, ಮೇಷ್ಟ್ರು ಕೇಳ್ತಾವ್ರೆ’ ಎನ್ನುವಳು. ಐದು ವರ್ಷದ ಮಗು ಯೋಚಿಸಿ, ‘ಅಪ್ಪ’ ಎನ್ನುವುದು. ಅದು ಮನೆಯಲ್ಲಿ ಬೇರೆ ಹೆಸರನ್ನು ಕೇಳಿದ್ದರಲ್ಲವೆ? ಅಮ್ಮನ ಬಾಯಲ್ಲಿ ‘ಇವರು’, ‘ನಿಮ್ಮಪ್ಪ’, ‘ನಮ್ಮನೆಯೋರು’, ‘ಯಜಮಾನ್ರು’. ಅಪ್ಪನ ಬಾಯಲ್ಲಿ ‘ಇವಳೇ’, ‘ಏನೇ’, ‘ಎಲ್ಲಿದೀಯ’. ಕಡೆಗೆ ಸರದಿಯಲ್ಲಿ ಹಿಂದೆ ನಿಂತ ಯಾರೋ ಆ ಹೆಸರನ್ನು ಹೇಳಿ ಪುಣ್ಯ ಕಟ್ಟಿಕೊಳ್ಳುತ್ತಿದ್ದರು. ಕೆಲವು ತಾಯಂದಿರು ಒಗಟಿನ ದಾರಿ ಹಿಡಿಯುತ್ತಿದ್ದುದೂ ಉಂಟು: ‘ಧರ್ಮಸ್ಥಳದ ದೇವರ ಹೆಸರು ಬರ್ಕಳಿ ಸಾ.’ ಮಂಜುನಾಥನೋ ಮಂಜಪ್ಪನೋ ಮಂಜೇಗೌಡನೋ ಎಂಬುದು ನನ್ನ ಪಾಲಿಗೆ ಬಿಟ್ಟದ್ದು.

ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂಬುದು ಹಿರಿಯರು ಕೊಡುತ್ತಿದ್ದ ಕಾರಣ. ಆದರೆ ಅದೇ ಹಿರಿಯರೇ ಮದುವೆಯ ದಿನ ಹೊಸ ಸೊಸೆಯನ್ನು ಹೊಸ್ತಿಲಲ್ಲಿ ತಡೆದು, ನಾದಿನಿಯರನ್ನು ಅಡ್ಡ ನಿಲ್ಲಿಸಿ, ಗಂಡನ ಹೆಸರು ಹೇಳದೆ ಒಳಗೆ ಬಿಡೆವೆಂದು ಪಟ್ಟು ಹಿಡಿಯುತ್ತಿದ್ದರು. ಅಲ್ಲಿಯೂ ಬರಿಯ ಹೆಸರು ಸಲ್ಲದು. ‘ಹಿತ್ತಲಲ್ಲಿ ಮಲ್ಲಿಗೆ, ಅಂಗಳದಲ್ಲಿ ತುಳಸಿ, ಇಂಥವರ ಮಡದಿ ಬಂದಿದ್ದೀನಿ, ಬಿಡಿ ಬಾಗಿಲ’ ಎಂಬ ಧಾಟಿಯಲ್ಲಿ ಹೆಸರನ್ನು ಪ್ರಾಸದ ನಡುವೆ ಹುದುಗಿಸಿ ಹೇಳಬೇಕು. ಅಂದರೆ ಈ ನಿಷೇಧ ಎಲ್ಲ ಹೊತ್ತಿಗೂ ಒಂದೇ ಆಗಿರಲಿಲ್ಲ. ಹತ್ತು ಜನರ ಎದುರು, ಅವರು ಕೇಳಿ ಹೇಳಿಸಿಕೊಂಡರೆ ಹೆಸರು ಶಾಸ್ತ್ರ. ಹಿತ್ತಲ ಬಾಗಿಲಲ್ಲಿ ನಿಂತು ತಾನಾಗಿ ಕೂಗಿದರೆ ಅದೇ ಹೆಸರು ಅವಿಧೇಯತೆ. ಆಯಸ್ಸಿನ ಮಾತು ಅದಕ್ಕೆ ಹೊದಿಸಿದ ಶಾಲು ಎಂದು ನನಗೆ ಅನ್ನಿಸುತ್ತದೆ. ಕನ್ನಡದಲ್ಲೇ ಪೂಜೆ ನಡೆಯುವ ಹಿರೇಮಗಳೂರಿನ ಕೋದಂಡರಾಮನ ಗುಡಿಗೆ ಹೋದರೂ, ಅರ್ಚನೆ ಯಾರ ಹೆಸರಿಗೆ ಎಂದು ಕೇಳಿದಾಗ ‘ನಮ್ಮ ಯಜಮಾನ್ರ ಹೆಸರಿಗೆ’ ಎಂದು ಹೇಳಿ, ಮುಂದಿನದನ್ನು ಮಗನಿಗೆ ಬಿಟ್ಟು ಕೈಮುಗಿದು ನಿಲ್ಲುವ ಅಜ್ಜಿಯರು ಇನ್ನೂ ಇದ್ದಾರೆ.

ಈ ಕಟ್ಟಿನಿಂದ ಹುಟ್ಟಿದ ತೊಡಕೊಂದು ನನಗೆ ಬಹಳ ಪ್ರಿಯವಾದದ್ದು. ಮೊಮ್ಮಗನಿಗೆ ತಾತನ ಹೆಸರಿಡುವುದು ನಮ್ಮಲ್ಲಿ ವಾಡಿಕೆ. ಇಟ್ಟಮೇಲೆ ಅಜ್ಜಿಯ ಗತಿ ಏನು? ಗಂಡನ ಹೆಸರನ್ನು ಒಂದು ದಿನವೂ ನಾಲಗೆಯ ಮೇಲೆ ತಾರದವಳು ಅದೇ ಹೆಸರಿನ ಮೊಮ್ಮಗನನ್ನು ಹೇಗೆ ಕೂಗಬೇಕು? ಸೊಸೆಯಾದರೂ ಮಾವನ ಹೆಸರು ಹಿಡಿದು ಮಗನಿಗೆ ‘ಬಾರೋ, ತಿನ್ನೋ’ ಎನ್ನುವುದು ಹೇಗೆ? ಹೀಗಾಗಿ ಪ್ರತಿ ಮನೆಯಲ್ಲೂ ‘ಕರೆಯೋ ಹೆಸರು’ ಎಂಬ ಎರಡನೆಯದೊಂದು ಹುಟ್ಟಿತು: ಪುಟ್ಟ, ಪಾಪಣ್ಣ, ಚಿಕ್ಕಣ್ಣ, ತಮ್ಮಯ್ಯ, ಅಣ್ಣಯ್ಯ, ಅಪ್ಪಾಜಿ, ಸಣ್ಣಮ್ಮ, ದೊಡ್ಡಮ್ಮ. ಕಾಲಾಂತರದಲ್ಲಿ ಈ ಕರೆಯುವ ಹೆಸರೇ ದಾಖಲಾತಿ ಪುಸ್ತಕಕ್ಕೂ ಪಹಣಿಗೂ ಏರಿತು. ಹಾಸನ ಸೀಮೆಯಲ್ಲಿ ಎಷ್ಟು ಜನ ದೊಡ್ಡೇಗೌಡರು, ಚಿಕ್ಕೇಗೌಡರು, ಪುಟ್ಟಸ್ವಾಮಿಗಳು ಇದ್ದಾರೆಂದು ನೋಡಿದರೆ, ಹೆಸರು ಹೇಳದಿರಲು ಹೂಡಿದ ಉಪಾಯಗಳೇ ಹೆಸರುಗಳಾಗಿ ನಿಂತಿರುವುದು ಕಾಣುತ್ತದೆ. 1996ರಲ್ಲಿ ದೇಶದ ಪ್ರಧಾನಿಯಾದ ಎಚ್.ಡಿ. ದೇವೇಗೌಡರ ಹೆಸರಿನಲ್ಲಿರುವ ‘ಡಿ’ ಅವರ ತಂದೆ ದೊಡ್ಡೇಗೌಡರದು. 1904ರಲ್ಲಿ ಇದೇ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ, ಹುಟ್ಟಿದ ಕುವೆಂಪು ಅವರ ಕೊನೆಯ ಅಕ್ಷರ ‘ಪುಟ್ಟಪ್ಪ’ನದು. ಇದೇನು ಹೊಸದೂ ಅಲ್ಲ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲೂ ನುಗ್ಗೇಹಳ್ಳಿಯಲ್ಲೂ ಜಾವಗಲ್ಲಿನಲ್ಲೂ ಕೆಲಸ ಮಾಡಿದ ಹೊಯ್ಸಳರ ಕಾಲದ ಆ ಮಹಾಶಿಲ್ಪಿ ವಿಗ್ರಹಗಳ ಅಡಿಯಲ್ಲಿ ಕೊರೆದ ಹೆಸರು ‘ಮಲ್ಲಿತಮ್ಮ’. ಅದರಲ್ಲಿ ನಮ್ಮ ‘ತಮ್ಮ’ ಆಗಲೇ ಬಂದು ಕೂತಿದ್ದಾನೆ.

ಹೆಸರಿಗೆ ಬದಲಾಗಿ ಊರನ್ನೋ ಮನೆಯನ್ನೋ ಹಿಡಿಯುವುದು ಇನ್ನೊಂದು ದಾರಿ. ಮಲೆನಾಡಿನ ಕಡೆ ಮನೆಗಳು ದೂರದೂರ, ಮನೆಗೇ ಹೆಸರು. ಮೇಲ್ಮನೆಯವರು, ಕೆಳಮನೆಯವರು, ಹೊಸಮನೆಯವರು, ತೋಟದ ಮನೆಯವರು ಎಂದರೆ ಇಡೀ ಕುಟುಂಬ ತಿಳಿಯುತ್ತದೆ, ಒಬ್ಬನ ಮೇಲೂ ಬೆರಳು ಬೀಳುವುದಿಲ್ಲ. ಬಯಲುಸೀಮೆಯಲ್ಲಿ ಊರೇ ಹೆಸರಿನ ಮುಂದೆ ನಿಲ್ಲುತ್ತದೆ. ಅರಸೀಕೆರೆ ತಾಲ್ಲೂಕಿನ ಒಂದು ಹೋಬಳಿ ಕೇಂದ್ರದ ಹೆಸರನ್ನು ಜಗತ್ತಿನ ಕ್ರಿಕೆಟ್ ಮೈದಾನಗಳಲ್ಲೆಲ್ಲ ಮೊಳಗಿಸಿದ್ದು ಜಾವಗಲ್ ಶ್ರೀನಾಥರ ಚೆಂಡು. ಗೊರೂರು ರಾಮಸ್ವಾಮಿ ಅಯ್ಯಂಗಾರರ ವಿಷಯದಲ್ಲಂತೂ ಊರು ಮನುಷ್ಯನನ್ನೇ ನುಂಗಿತು. ಹಾಸನದಲ್ಲಿ ‘ಗೊರೂರು’ ಎಂದರೆ ಊರೋ ಅಣೆಕಟ್ಟೋ ಸಾಹಿತಿಯೋ ಎಂಬುದನ್ನು ಕ್ರಿಯಾಪದ ಬರುವವರೆಗೆ ಕಾದು ತಿಳಿಯಬೇಕು. ‘ಗೊರೂರು ತುಂಬಿದೆ’ ಎಂದರೆ ಹೇಮಾವತಿ. ‘ಗೊರೂರು ಬರೆದಿದ್ದಾರೆ’ ಎಂದರೆ ಅಯ್ಯಂಗಾರರು.

ಕ್ರಿಯಾಪದಕ್ಕೆ ಕಾಯಬೇಕೆಂದೆ. ಕನ್ನಡದಲ್ಲಿ ಮರ್ಯಾದೆ ಹೆಸರಿನಲ್ಲಿ ಇರುವುದಕ್ಕಿಂತ ಹೆಚ್ಚಾಗಿ ವಾಕ್ಯದ ಬಾಲದಲ್ಲಿ ಇರುತ್ತದೆ. ‘ತೇಜಸ್ವಿ ಮೂಡಿಗೆರೆಯಲ್ಲಿ ಇದ್ದರು’ ಎಂದಾಗ ಹೆಸರು ಬರಿಯದು, ‘ಶ್ರೀ’ಯೂ ಇಲ್ಲ, ‘ಅವರು’ ಕೂಡ ಇಲ್ಲ. ಆದರೂ ‘ಇದ್ದರು’ ಎಂಬುದು ಎಲ್ಲವನ್ನೂ ಸರಿಮಾಡುತ್ತದೆ. ಅವನು, ಆತ, ಅವರು ಎಂಬ ಮೂರು ಮೆಟ್ಟಿಲುಗಳಲ್ಲಿ ನಡುವಣ ‘ಆತ’ ಬಹಳ ಚತುರ. ಗೌರವ ಕೊಟ್ಟಂತೆಯೂ ಇರಬೇಕು, ಕೊಡದಂತೆಯೂ ಇರಬೇಕು ಎಂದಾಗ ನಾವು ಅಲ್ಲಿ ನಿಲ್ಲುತ್ತೇವೆ. ನಮ್ಮ ದಿನಪತ್ರಿಕೆಗಳನ್ನು ಈ ಕಣ್ಣಿನಿಂದ ಓದಿ ನೋಡಿ. ನಿನ್ನೆಯವರೆಗೆ ‘ಅವರು’ ಆಗಿದ್ದ ಮನುಷ್ಯ ಪೊಲೀಸರು ಕರೆದೊಯ್ದ ಮರುದಿನ ಬೆಳಿಗ್ಗೆ ‘ಈತ’ ಆಗಿರುತ್ತಾನೆ. ನ್ಯಾಯಾಲಯ ತೀರ್ಪು ಕೊಡಲು ವರ್ಷಗಳು ಬೇಕು. ಬಹುವಚನ ಮಾತ್ರ ಒಂದೇ ರಾತ್ರಿಯಲ್ಲಿ ಹೋಗಿರುತ್ತದೆ. ಖುಲಾಸೆಯಾದ ಮೇಲೆ ಅದನ್ನು ಯಾರೂ ಹಿಂದಿರುಗಿಸಿ ಬರೆದದ್ದನ್ನು ನಾನು ಕಂಡಿಲ್ಲ.

ಈಗ ಹೇಳಬೇಕಾದದ್ದನ್ನು ಹೇಳುವುದು ನನಗೆ ಅಷ್ಟು ಸುಲಭವಲ್ಲ, ಏಕೆಂದರೆ ನಾನೂ ಇಂಥ ಮಾತಿನ ನಡುವೆಯೇ ಬೆಳೆದವನು. ರಾಮ ಎಂಬುದು ರಾಮಣ್ಣ, ರಾಮಪ್ಪ, ರಾಮಯ್ಯ ಆಗುತ್ತದೆ. ಮಂಜ ಮಂಜಣ್ಣನಾಗುತ್ತಾನೆ, ಸುಬ್ಬ ಸುಬ್ಬಣ್ಣನಾಗುತ್ತಾನೆ. ಬಾಲ್ಯದಲ್ಲಿ ‘ಅ’ಕಾರಕ್ಕೆ ನಿಂತಿದ್ದ ಹೆಸರು ಮೀಸೆ ಬಂದಾಗ ‘ಅಣ್ಣ’, ಮಕ್ಕಳಾದಾಗ ‘ಅಪ್ಪ’, ತಲೆ ನೆರೆತಾಗ ‘ಅಯ್ಯ’ ಎಂದು ಬೆಳೆಯುವುದು ಈ ನುಡಿಯ ಸೊಗಸು. ಎಲ್ಲರ ಹೆಸರೂ ಹಾಗೆ ಬೆಳೆಯಿತೆ? ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಬಾಳಿದವರು, ಊರಾಚೆಯ ಕೇರಿಗಳಲ್ಲಿ ಬಾಳಿದವರು ಎಪ್ಪತ್ತು ದಾಟಿದರೂ ಕರಿಯ, ಬೋರ, ಮಾರ, ಚೌಡಿ, ಕೆಂಪಿ ಆಗಿಯೇ ಉಳಿದರು. ಶನಿವಾರದ ಬಟವಾಡೆಯಲ್ಲಿ ತೋಟದ ಲೆಕ್ಕ ಬರೆಯುವ ರೈಟರು ಚೆಕ್‌ರೋಲ್ ಎಂಬ ಹಾಜರಿ ಪಟ್ಟಿ ನೋಡಿ ಹೆಸರು ಕೂಗುವಾಗ ಆ ‘ಅ’ಕಾರ, ‘ಇ’ಕಾರಗಳೇ ಸಾಲಾಗಿ ಬರುತ್ತಿದ್ದವು, ಅದೇ ಅಂಗಳದಲ್ಲಿ ಗೋಲಿ ಆಡುತ್ತಿದ್ದ ಎಂಟು ವರ್ಷದ ಹುಡುಗ ಆ ಮುದುಕರ ಬಾಯಲ್ಲಿ ‘ಸಣ್ಣಯ್ಯ’. ಇಬ್ಬರಲ್ಲಿ ಒಬ್ಬನಿಗೆ ಹೆಸರು ಹೇಳುವ ಅಧಿಕಾರ ಹುಟ್ಟಿನಿಂದ ಬಂದಿತ್ತು, ಇನ್ನೊಬ್ಬನಿಗೆ ಸಾಯುವವರೆಗೂ ಬರಲಿಲ್ಲ.

ಹಾಗಾಗಿ ಹೆಸರು ಹೇಳದಿರುವುದೆಲ್ಲ ಸಂಸ್ಕಾರ, ಹೆಸರು ಹಿಡಿದು ಕರೆಯುವುದೆಲ್ಲ ಒರಟುತನ ಎಂಬ ನಮ್ಮ ನಂಬಿಕೆಯನ್ನು ನಾನು ಒಪ್ಪಲಾರೆ. ಯಾರು ಯಾರ ಹೆಸರನ್ನು ಹೇಳಬಹುದು, ಯಾವ ಬಾಲ ಸೇರಿಸಿ ಹೇಳಬೇಕು ಎಂಬುದು ಸಂಸ್ಕಾರಕ್ಕಿಂತ ಮೊದಲು ಹೊಲ, ತೋಟ, ಜಾತಿ ಇವುಗಳ ಲೆಕ್ಕ. ಜಾತಿಯ ಹೆಸರು ಹಿಡಿದು ಬಹಿರಂಗವಾಗಿ ಬೈಯುವುದನ್ನು ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ 1989ರ ದೌರ್ಜನ್ಯ ತಡೆ ಕಾಯ್ದೆಗೆ ತಂದ 2015ರ ತಿದ್ದುಪಡಿ ಸ್ಪಷ್ಟವಾಗಿ ಅಪರಾಧವೆಂದು ಹೇಳಿದೆ. ಆದರೆ ಅಜ್ಜನ ವಯಸ್ಸಿನವನ ಹೆಸರಿನ ಕೊನೆಯ ‘ಅಪ್ಪ’ನನ್ನು ನುಂಗಿ ಕೂಗುವುದನ್ನು ಯಾವ ಕಾಯ್ದೆಯೂ ಹಿಡಿಯಲಾರದು. ಅದನ್ನು ಸರಿಪಡಿಸಿಕೊಂಡವರು ಆ ಮನೆಗಳ ಮಕ್ಕಳೇ. ಶಾಲೆಗೆ ಸೇರಿಸುವಾಗ ಅವರು ತಮ್ಮ ಅಪ್ಪನ ಹೆಸರನ್ನು ‘ಬೋರಯ್ಯ’ ಎಂದು ಬರೆಸಿದರು; ನಾನು ಬರೆದಿದ್ದೇನೆ. ಬರೆದಾಗ ಪಕ್ಕದಲ್ಲಿದ್ದ ಒಬ್ಬ ಸಹೋದ್ಯೋಗಿ ಮುಗುಳ್ನಕ್ಕದ್ದೂ ನೆನಪಿದೆ.

ಇನ್ನು ಕಟ್ಟೆಯ ಮಾತಿಗೆ ಬರೋಣ. ಎದುರಿಗಿಲ್ಲದವರನ್ನು ಕುರಿತು ಆಡುವಾಗ ನಮ್ಮ ಯುವಕರು ಬಳಸುವ ಪದಗಳು ನಾಲ್ಕಾರು: ಆಸಾಮಿ, ಗಿರಾಕಿ, ಪಾರ್ಟಿ, ಕೇಸು. ‘ಪಾರ್ಟಿ ಬಂತಾ?’, ‘ಭಾರಿ ಆಸಾಮಿ ಕಣೋ’, ‘ಅದೊಂದು ಕೇಸು, ಬಿಡು.’ ಪಾರ್ಟಿಗೂ ಕೇಸಿಗೂ ಕ್ರಿಯಾಪದ ನಪುಂಸಕ ಲಿಂಗದಲ್ಲಿ ಬರುವುದರಿಂದ ಗಂಡೋ ಹೆಣ್ಣೋ ಎಂಬುದೂ ಪಕ್ಕದಲ್ಲಿ ಕುಳಿತವನಿಗೆ ತಿಳಿಯದು. ಈ ಪದಗಳ ತವರನ್ನು ಗಮನಿಸಿದರೆ ಒಂದು ಸಂಗತಿ ಹೊಳೆಯುತ್ತದೆ. ಗಿರಾಕಿ ಅಂಗಡಿಯಿಂದ ಬಂದವನು, ಪಾರ್ಟಿ ಮತ್ತು ಕೇಸು ಕೋರ್ಟಿನಿಂದ, ಆಸಾಮಿ ಕಂದಾಯದ ಕಚೇರಿಯಿಂದ. ಮನುಷ್ಯನನ್ನು ಹೆಸರಿನಿಂದ ಬಿಡಿಸಿ ಲೆಕ್ಕದ ಒಂದು ಬಾಬತ್ತಾಗಿ ನೋಡುವ ಜಾಗಗಳಿಂದಲೇ ಇವು ಹೊರಟಿವೆ. ಅದರಲ್ಲೂ ಆಸಾಮಿಯದು ತಮಾಷೆಯ ಕತೆ. ಅರಬ್ಬಿಯಲ್ಲಿ ‘ಇಸ್ಮ್’ ಎಂದರೆ ಹೆಸರು. ಅದರ ಬಹುವಚನದ ರೂಪಗಳಲ್ಲಿ ಒಂದು ‘ಅಸಾಮಿ’, ಅಂದರೆ ಹೆಸರುಗಳು. ಕಂದಾಯದ ಪಟ್ಟಿಯಲ್ಲಿ ಬರೆದ ಹೆಸರುಗಳೇ ಆ ಪಟ್ಟಿಯ ರೈತನಾಗಿ, ರೈತ ಯಾವನೋ ಒಬ್ಬ ಮನುಷ್ಯನಾಗಿ, ನಮ್ಮ ಕಟ್ಟೆಗೆ ಬಂದಿದ್ದಾನೆ. ಹೆಸರು ಹೇಳಬಾರದೆಂದು ನಾವು ಆರಿಸಿಕೊಂಡ ಪದದ ಅರ್ಥವೇ ‘ಹೆಸರು’!

‘ಪುಣ್ಯಾತ್ಮ’, ‘ಮಹಾನುಭಾವ’ ಎಂಬವು ಹಿರಿಯರ ಕಟ್ಟೆಯವು. ಅವುಗಳಲ್ಲಿ ಹೊಗಳಿಕೆ ಇರುವುದಿಲ್ಲವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಮ್ಮೆ ಹಾಸನದಿಂದ ಬೇಲೂರಿಗೆ ಬಸ್ಸಿನಲ್ಲಿ ಬರುತ್ತ ನಾನು ಪಕ್ಕದಲ್ಲಿದ್ದ ಗೆಳೆಯರಿಗೆ ಒಬ್ಬ ಪುಣ್ಯಾತ್ಮರ ವಿಚಾರ ಹೇಳುತ್ತಿದ್ದೆ. ಹೆಸರನ್ನು ಎತ್ತಲಿಲ್ಲ, ಎತ್ತಲಿಲ್ಲವೆಂಬ ಸಮಾಧಾನದಲ್ಲಿ ನಾಲಗೆ ಸಡಿಲವಾಯಿತು. ಯಾವ ಇಲಾಖೆ, ಯಾವ ಬೀದಿ, ಹೊಸದಾಗಿ ಕಟ್ಟಿಸಿದ ಮನೆಗೆ ಎಂಥ ಬಣ್ಣ, ಎಲ್ಲವೂ ಬಂದವು. ಬೇಲೂರಿನಲ್ಲಿ ಇಳಿಯುವಾಗ ಮುಂದಿನ ಸೀಟಿನವರು ತಿರುಗಿ, ‘ಸರ್, ಅವರು ನಮ್ಮ ಭಾವ’ ಎಂದು ಶಾಂತವಾಗಿ ಹೇಳಿ ಹೊರಟುಹೋದರು. ಹೆಸರೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಹೇಳಿದರೆ ಹೆಸರು ಹೇಳಿದಂತೆಯೇ ಎಂಬುದು ನನಗೆ ಅಂದು ತಿಳಿಯಿತು.

ಕಾನೂನಿಗೆ ಇದು ಬಹಳ ಹಿಂದೆಯೇ ತಿಳಿದಿತ್ತು. ಅತ್ಯಾಚಾರಕ್ಕೆ ಒಳಗಾದವರ ಹೆಸರನ್ನು ಪ್ರಕಟಿಸಬಾರದೆಂದು 1983ರಲ್ಲಿ ದಂಡ ಸಂಹಿತೆಗೆ 228ಎ ಕಲಮನ್ನು ಸೇರಿಸಿದಾಗ, ಹೆಸರನ್ನು ಮಾತ್ರವಲ್ಲ, ಅವರ ಗುರುತು ತಿಳಿಸಬಹುದಾದ ಯಾವ ಸಂಗತಿಯನ್ನೂ ಪ್ರಕಟಿಸಬಾರದೆಂದು ಬರೆದರು. ಅದರ ಜಾಗದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮಿನಲ್ಲಿ ಅದೇ ಮಾತು ಉಳಿದಿದೆ. ಮೀರಿದರೆ ಎರಡು ವರ್ಷದವರೆಗೆ ಸಜೆಯಾಗಬಹುದು. ನಮ್ಮ ಹಳ್ಳಿಗಳಲ್ಲಿ ‘ಇಂಥ ಊರಿನ, ಕೆರೆ ಏರಿಯ ಪಕ್ಕದ ಮನೆಯ, ಪಿಯುಸಿ ಓದುವ ಹುಡುಗಿ’ ಎಂದ ಮೇಲೆ ಹೆಸರಿಗೆ ಏನು ಉಳಿಯಿತು? ಸುದ್ದಿ ಬರೆಯುವ ಮಿತ್ರರು ಇಲ್ಲಿ ಕೆಲವರಿದ್ದೀರಿ. ನೂರು ಮನೆಯ ಊರಿಗೆ ಆ ಎಚ್ಚರಿಕೆ ನಗರಕ್ಕಿಂತ ಹತ್ತು ಪಾಲು ಹೆಚ್ಚು ಬೇಕು. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ ತೀರ್ಪನ್ನು ದೇಶವೆಲ್ಲ ಕರೆಯುವುದು ‘ಪುಟ್ಟಸ್ವಾಮಿ ಪ್ರಕರಣ’ ಎಂದು. ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಖಾಸಗಿತನದ ಹೆಸರಿನಲ್ಲಿ ಜಗಜ್ಜಾಹೀರಾದ ಆ ಹೆಸರೂ ನಮ್ಮ ‘ಪುಟ್ಟ’ನ ಕುಲದ್ದೇ ಎಂಬುದನ್ನು ನೆನೆದು ನಾನು ಒಬ್ಬನೇ ನಕ್ಕದ್ದುಂಟು.

ಉಳಿದ ಬಳಕೆಗಳನ್ನು ಬೇಗ ಮುಗಿಸುತ್ತೇನೆ. ‘ನಮ್ಮ ಹೆಸರು ಹೇಳಿ, ಕೆಲಸ ಆಗ್ತದೆ’ ಎಂಬುದು ಹೆಸರನ್ನು ಸಾಲ ಕೊಡುವ ಕ್ರಮ. ‘ನನ್ನ ಹೆಸರು ಮಾತ್ರ ಎತ್ತಬೇಡಿ’ ಎಂಬುದು ಸುದ್ದಿ ಕೊಟ್ಟು ಹೆಸರನ್ನು ಹಿಂದಕ್ಕೆ ಪಡೆಯುವ ಕ್ರಮ. ಎರಡನ್ನೂ ಒಬ್ಬರೇ ಒಂದೇ ದಿನ ಹೇಳುವುದನ್ನು ತಾಲ್ಲೂಕು ಕಚೇರಿಯ ಮುಂದಿನ ಹೋಟೆಲಿನಲ್ಲಿ ಕೇಳಬಹುದು. ಆಡುತ್ತಿರುವಾಗಲೇ ಆ ವ್ಯಕ್ತಿ ಬಾಗಿಲಲ್ಲಿ ಕಾಣಿಸಿಕೊಂಡರೆ, ‘ನಿಮಗೆ ನೂರು ವರ್ಷ ಆಯಸ್ಸು, ಈಗ ತಾನೆ ನೆನೆಸ್ಕೊಂಡ್ವಿ’ ಎಂಬ ಮಾತು ತಯಾರಿದೆ. ಆಡುತ್ತಿದ್ದುದು ಒಳ್ಳೆಯದೋ ಕೆಟ್ಟದ್ದೋ, ಆಯಸ್ಸಿನ ಹಾರೈಕೆ ಮಾತ್ರ ಒಂದೇ. ಬಂದವರು ಅದನ್ನು ಕೇಳಿ ಎಲ್ಲರ ಮುಖವನ್ನೂ ಒಮ್ಮೆ ನೋಡಿಯೇ ಕೂರುತ್ತಾರೆ.

ಅಂದು ಭಾಷಣ ಮುಗಿದು ಕಾಫಿ ಕೊಡುತ್ತಿದ್ದಾಗ ಒಬ್ಬ ವೃದ್ಧೆ ಮೊಮ್ಮಗಳ ಕೈ ಹಿಡಿದು ಬಳಿಗೆ ಬಂದರು. ನಾನು ಹೊಸ್ತಿಲ ಶಾಸ್ತ್ರದ ಬಗ್ಗೆ ಹೇಳಿದ್ದು ಸರಿಯೆಂದೂ, ತಮ್ಮ ಮದುವೆಯಲ್ಲಿ ಒಮ್ಮೆ ಹೇಳಿದ್ದೇ ಕೊನೆಯೆಂದೂ, ಯಜಮಾನರು ಹೋಗಿ ಒಂಬತ್ತು ವರ್ಷವಾದರೂ ಬಾಯಿ ಬರುವುದಿಲ್ಲವೆಂದೂ ಹೇಳಿದರು. ಹಾಗಾದರೆ ಬ್ಯಾಂಕಿನಲ್ಲಿ, ಪಿಂಚಣಿಯ ಕಾಗದದಲ್ಲಿ ಏನು ಮಾಡುತ್ತೀರಿ ಎಂದು ಕೇಳಿದೆ. ‘ಬರೆದರೆ ದೋಷ ಇಲ್ಲ, ಸರ್’ ಎಂದು, ನನ್ನ ಕೈಯಲ್ಲಿದ್ದ ಟಿಪ್ಪಣಿ ಪುಸ್ತಕವನ್ನೂ ಪೆನ್ನನ್ನೂ ತೆಗೆದುಕೊಂಡು, ಕುರ್ಚಿಯ ತೋಳಿನ ಮೇಲಿಟ್ಟು ನಿಧಾನವಾಗಿ ಬರೆದರು. ಮುಂದೆ ‘ಶ್ರೀ’, ಆಮೇಲೆ ಊರಿನ ಅಕ್ಷರ, ಅವರ ತಂದೆಯ ಅಕ್ಷರ, ಹೆಸರು, ಕೊನೆಯಲ್ಲಿ ‘ನವರು’. ಮೊಮ್ಮಗಳು ಬಗ್ಗಿ ನೋಡಿ ಗಟ್ಟಿಯಾಗಿ ಓದಲು ಹೊರಟಾಗ ಅವರು ಪುಸ್ತಕವನ್ನು ಮುಚ್ಚಿ ನನ್ನ ಕೈಗೆ ಕೊಟ್ಟುಬಿಟ್ಟರು.